ಸಿಎಇ, ಸಿ82, ಸಿ97, ಸಿಬಿ3: ನೆಟ್‌ವರ್ಕ್ ಮಂದಿಗೊಂದು ಒಗಟಿನ ಬೇಟೆ

(ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಿಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡವರು ಮುಚ್ಚಬೇಡಿ, ಈ ಸಭೆಯಲ್ಲಿ ಅದು ಮರ್ಯಾದೆಗೇಡಲ್ಲ.

2013ರ ಫೆಬ್ರವರಿಯಲ್ಲಿ ಅಮೆರಿಕದ ರಯಾನ್ ವರ್ಬರ್ ಅನ್ನುವ ನೆಟ್‌ವರ್ಕ್ ಇಂಜಿನಿಯರ್ ಒಬ್ಬರು ಒಂದು ಚೇಷ್ಟೆ ಮಾಡಿದರು. ಒಂದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಒಂದು ಯಂತ್ರದ ನಂಬರ್, ಕೊಟ್ಟು, ಇದಕ್ಕೆ ಟ್ರೇಸ್‌ರೂಟ್ ಹಾಕಿ ನೋಡಿ ಅಂದರು. ಟ್ರೇಸ್‌ರೂಟ್ ಹಾಕಿದರೆ ಏನು ಬರುತ್ತೆ? ಆ ವಿಳಾಸದ ದಾರಿಯಲ್ಲಿ ಸಿಗುವ, ಮಾಹಿತಿಯನ್ನು ಮುಂದಕ್ಕೆ ದಾಟಿಸುವ ರೂಟರ್‌ಗಳ ಹೆಸರು, ಒಂದರ ಕೆಳಗೊಂದು. ಇಲ್ಲಿ ಹೆಸರುಗಳ ಬದಲು ಸ್ಟಾರ್ ವಾರ್ಸ್ ಸಿನಿಮಾ ಶುರುವಾಗುವಾಗ ತೆರೆಯ ಮೇಲೆ ಸರಿದುಹೋಗುವ ಸಾಲುಗಳು ಬಂದವು. ನೆಟ್‌ವರ್ಕ್ ಕೆಲಸ ಮಾಡುವವರೆಲ್ಲ ಅವತ್ತು ಆಫೀಸಿನಲ್ಲಿ ಮಾಡಿದ್ದು ಅದೊಂದೇ ಕೆಲಸ ಅಂತ ಕಾಣುತ್ತೆ. ನಾನಂತೂ ಅದನ್ನೇ ಮಾಡಿದೆ.

ಅದು ಹೇಗೆ ಆಗುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಇವತ್ತಿನ ಮಾತೆಲ್ಲ ನಿಂತಿರೋದು ಅದರ ಮೇಲೆ. ಜಾಲದಲ್ಲಿ ಮಾಹಿತಿ ಹೋಗೋದು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ. ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಟಿಟಿಎಲ್ ಅಂತ ಒಂದು ಅಂಕಿ ಬರೆದಿರುತ್ತೆ. ಎಂಟು ಬಿಟ್‌ನ ಜಾಗ, 255 ದಾಟೋ ಹಾಗಿಲ್ಲ. ದಾರಿಯ ಒಂದೊಂದು ರೂಟರೂ ಅದರಿಂದ ಒಂದು ಕಳೆಯುತ್ತೆ. ಸೊನ್ನೆಗೆ ಬಂದಾಗ ಪ್ಯಾಕೆಟ್ಟಿನ ಆಯಸ್ಸು ಮುಗೀತು. ಆ ರೂಟರ್ ಅದನ್ನು ಎಸೆದು, ಕಳಿಸಿದವನಿಗೆ 'ನಿಮ್ಮದು ನಮ್ಮ ಊರಲ್ಲಿ ತೀರಿಕೊಂಡಿತು' ಅಂತ ಒಂದು ಕಾಗದ ಹಾಕುತ್ತೆ. 80ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಮಾಡಿದ್ದು ಇಷ್ಟೇ: ಬೇಕಂತಲೇ ಆಯಸ್ಸು ಒಂದು, ಎರಡು, ಮೂರು ಅಂತ ಕೊಟ್ಟು ಪ್ಯಾಕೆಟ್ ಕಳಿಸಿ, ಬಂದ ಸಾವಿನ ಕಾಗದಗಳ ಮೇಲಿನ ಊರಿನ ಹೆಸರು ಓದಿಕೊಂಡರು. ಅದೇ ಟ್ರೇಸ್‌ರೂಟ್.

ಈ ಊರಿನ ಹೆಸರು ಎಲ್ಲಿಂದ ಬರುತ್ತೆ? ಆ ವಿಳಾಸದ ಮಾಲೀಕ, ವಿಳಾಸಕ್ಕೂ ಹೆಸರಿಗೂ ಗಂಟು ಹಾಕುವ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಏನು ಬರೆದಿಟ್ಟಿದ್ದಾನೋ ಅದು. ಅವನು ಸತ್ಯವನ್ನೇ ಬರೀಬೇಕು ಅಂತ ಯಾವ ಕಾನೂನೂ ಇಲ್ಲ. ವರ್ಬರ್ ಎರಡೇ ರೂಟರ್ ಇಟ್ಟುಕೊಂಡು, ಅವುಗಳ ಒಳಗೆ ಹತ್ತಾರು ಹುಸಿ ರೂಟರ್ ಕಟ್ಟಿ, ಪ್ಯಾಕೆಟ್ಟನ್ನು ಚೌಕಾಬಾರದ ಕಾಯಿಯ ಹಾಗೆ ಮನೆಯಿಂದ ಮನೆಗೆ ನಡೆಸಿದರು. ಒಂದೊಂದು ಮನೆಗೂ ಒಂದೊಂದು ಸಾಲಿನ ಹೆಸರು.

ಇದು ಒಗಟಲ್ಲ, ಚೇಷ್ಟೆ. ಆದರೆ ನೋಡಿದ ದಿನವೇ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನೆಟ್‌ವರ್ಕಿನ ಮೈಯಲ್ಲಿ ಬರೆಯಬಹುದಾದ ಇಂಥ ಜಾಗ ಇನ್ನೆಷ್ಟಿವೆ? ಅವನ್ನೆಲ್ಲ ಸೇರಿಸಿ ಒಂದು ಬೇಟೆ ಕಟ್ಟಿದರೆ?

ಪಜಲ್ ಹಂಟ್ ಗೊತ್ತಿಲ್ಲದವರಿಗೆ ಎರಡು ಮಾತು. ತಂಡ ಕಟ್ಟಿಕೊಂಡು ಒಗಟುಗಳನ್ನು ಬಿಡಿಸುತ್ತಾ ಹೋಗೋದು, ಒಂದರ ಉತ್ತರ ಇನ್ನೊಂದಕ್ಕೆ ದಾರಿ, ಕೊನೆಗೆ ಎಲ್ಲ ಉತ್ತರ ಸೇರಿ ಒಂದು ದೊಡ್ಡ ಒಗಟು. ಅಮೆರಿಕದ ಎಂಐಟಿಯಲ್ಲಿ 1981ರಲ್ಲಿ ಬ್ರಾಡ್ ಶೇಫರ್ ಎಂಬ ವಿದ್ಯಾರ್ಥಿ ಒಂದೇ ಹಾಳೆಯಲ್ಲಿ 12 ಸುಳಿವು ಬರೆದು, ಕ್ಯಾಂಪಸ್ಸಿನಲ್ಲಿ ಒಂದು ಹಳೇ ನಾಣ್ಯ ಬಚ್ಚಿಟ್ಟು ಹುಡುಕಿ ಅಂದದ್ದು ಇವತ್ತಿಗೂ ಪ್ರತಿ ಜನವರಿಯಲ್ಲಿ ನಡೆಯುತ್ತೆ. ಗೆದ್ದ ತಂಡಕ್ಕೆ ಸಿಗುವ ಬಹುಮಾನ ಅಂದರೆ ಮುಂದಿನ ವರ್ಷದ ಒಗಟುಗಳನ್ನು ಬರೆಯುವ ಗುಲಾಮಗಿರಿ. ಬಹಳ ಒಳ್ಳೆಯ ಪದ್ಧತಿ.

ನನ್ನ ತಕರಾರು ಬೇರೆ. ಕಂಪ್ಯೂಟರ್ ಮಂದಿಗೆ ಅಂತ ಮಾಡುವ ಎಷ್ಟೋ ಬೇಟೆಗಳಲ್ಲಿ ಕಂಪ್ಯೂಟರ್ ಬರೀ ಗೋಡೆ. ಮೂರಕ್ಷರ ಮುಂದೆ ಸರಿಸಿದ ಗುಪ್ತಲಿಪಿಯನ್ನು ಒಂದು ಸರ್ವರಿನ ಮೇಲೆ ಅಂಟಿಸಿರುತ್ತಾರೆ. ಅದನ್ನೇ ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದರೂ ಅದೇ ಒಗಟು. ವೈಜ್ಞಾನಿಕ ಕಥೆಯ ವೇಷವೂ ಹಾಗೇ: ಹಿನ್ನೆಲೆಯಲ್ಲಿ ಒಂದು ನೌಕೆಯ ಚಿತ್ರ, ಮೊದಲ ಪುಟದಲ್ಲಿ 'ಕ್ರಿ.ಶ. 2140', ಒಳಗೆ ಅದೇ ಸುಡೊಕು.

ನಮ್ಮ ಅಜ್ಜಿಯರ ಒಗಟು ಹಾಗಿರಲಿಲ್ಲ ನೋಡಿ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.' ಮಲ್ಲಿಗೆ ಅಂತ ಗೊತ್ತಾದ ಮೇಲೆ ಗಿಡವೂ ಸರಿ, ಮೊಸರೂ ಸರಿ, ಚೆಲ್ಲಿದೆ ಅನ್ನೋದೂ ಸರಿ. ಬೀಗ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ ಇಲ್ಲ. ಹಾಗೆ, ಪ್ರೋಟೊಕಾಲಿನ, ಅಂದರೆ ಯಂತ್ರಗಳು ಮಾತಾಡಿಕೊಳ್ಳುವ ಕಟ್ಟಳೆಯ, ನಡವಳಿಕೆಯೇ ಒಗಟಾಗಬೇಕು. ಕಥೆ ಬಾಹ್ಯಾಕಾಶದ್ದಾದರೆ ಬಾಹ್ಯಾಕಾಶದ ದೂರ, ತಡ, ನಷ್ಟ ಎಲ್ಲ ಆಟಗಾರನ ಬೆರಳಿಗೆ ತಾಕಬೇಕು. ಇಷ್ಟನ್ನು ಪಟ್ಟು ಹಿಡಿದು ನಾನೂ ಇಬ್ಬರು ಗೆಳೆಯರೂ ಒಂದು ಬೇಟೆ ಕಟ್ಟಿದೆವು. ಆರು ತಂಡ, 22 ಜನ. ಗೆಳೆಯರೊಬ್ಬರ ಆಫೀಸಿನ ಊಟದ ಹಾಲ್. ಎಸ್.ಪಿ. ರೋಡಿನಿಂದ ತಂದ ಎರಡು ಸೆಕೆಂಡ್ ಹ್ಯಾಂಡ್ ಸ್ವಿಚ್ಚು, ಒಂದು ಹಳೇ ಡೆಸ್ಕ್‌ಟಾಪು. ಅದರೊಳಗೆ ಲಿನಕ್ಸಿನಲ್ಲಿ 40 ಹುಸಿ ರೂಟರ್. ನೆಟ್‌ವರ್ಕಿನ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಕ್ಕೆ ಏಳು ಒಗಟು ಮಾಡೋಣ ಅಂತ ಒಬ್ಬರು ಆಸೆಪಟ್ಟರು. ಪಠ್ಯಪುಸ್ತಕದ ವಾಸನೆ ಬರುತ್ತೆ ಅಂತ ಬಿಟ್ಟೆವು.

ಕಥೆ ಚಿಕ್ಕದು. ದೂರದ ಒಂದು ಗ್ರಹದ ಸುತ್ತ ಸುತ್ತುತ್ತಿರುವ ಒಂದು ರಿಲೇ ಕೇಂದ್ರ. ಅಲ್ಲಿನ ಯಂತ್ರಕ್ಕೆ ತನ್ನ ಹೆಸರು ಮರೆತುಹೋಗಿದೆ. ನೀವು ಹೆಸರು ಹುಡುಕಿ ಅದಕ್ಕೆ ತಲುಪಿಸಬೇಕು. ಅಷ್ಟೇ. ಖಳನಾಯಕ ಇಲ್ಲ, ನೆಟ್‌ವರ್ಕ್ ಕೆಲಸದಲ್ಲಿ ಖಳನಾಯಕ ಬೇಕಾಗಲ್ಲ, ಕೇಬಲ್ ಸಾಕು.

ಮೊದಲ ಒಗಟು ಟ್ರೇಸ್‌ರೂಟ್‌ನದೇ, ಬೇರೆ ತಿರುವಿನಲ್ಲಿ. ಟ್ರೇಸ್‌ರೂಟ್ ತಾನಾಗಿ 30 ಹೆಜ್ಜೆಗೆ ನಿಂತುಬಿಡುತ್ತೆ. ನಾವು 30 ರೂಟರುಗಳಲ್ಲಿ ನೌಕೆಯ ದಿನಚರಿಯ ಒಂದು ಪುಟ ಬರೆದು, ಓದಿದವರಿಗೆ 'ಮುಗೀತು' ಅನಿಸೋ ಹಾಗೆ ಮಾಡಿದ್ದೆವು. ನಿಜವಾದ ಸುಳಿವು ಇದ್ದದ್ದು 31ರಿಂದ 38ರವರೆಗೆ. ಲಿನಕ್ಸಿನಲ್ಲಿ ಎಂ, ವಿಂಡೋಸ್‌ನಲ್ಲಿ ಎಚ್ ಅಂತ ಕೊಟ್ಟು ಮಿತಿ ಹೆಚ್ಚಿಸಿದವರಿಗೆ ಮಾತ್ರ ಕಾಣುತ್ತೆ. ದಿನಚರಿಯ ಕೊನೆಯ ಸಾಲು 'ಮೂವತ್ತು ಹೆಜ್ಜೆಗೆ ದಣಿದವರು ಮನೆಗೆ ಹೋಗಲಿ' ಅಂತ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಪದಗಳ ನಡುವೆ ಅಡ್ಡಗೆರೆ. ಡಿಎನ್‌ಎಸ್ ಹೆಸರಿನ ಒಂದು ತುಂಡಿನಲ್ಲಿ 63 ಅಕ್ಷರಕ್ಕಿಂತ ಹೆಚ್ಚು ಹಿಡಿಯಲ್ಲ. ಆ ಮಿತಿಯಲ್ಲಿ ಸಾಲು ಕೂರಿಸೋದು ಷಟ್ಪದಿಗೆ ಮಾತ್ರೆ ಕೂರಿಸಿದ ಹಾಗೇ ಇತ್ತು.

ಇಲ್ಲೇ ನನ್ನ ಮಾನ ಹೋಗಿದ್ದು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಲಿನಕ್ಸ್ ಇಟ್ಟುಕೊಂಡ ಘಟಾನುಘಟಿಗಳಿಗೆಲ್ಲ 12ನೇ ಹೆಜ್ಜೆಯಿಂದಾಚೆ ಬರೀ ನಕ್ಷತ್ರ ಚಿಹ್ನೆ. ಆದರೆ ಮೂಲೆಯಲ್ಲಿ ಅಣ್ಣನ ಹಳೇ ವಿಂಡೋಸ್ ಲ್ಯಾಪ್‌ಟಾಪ್ ತಂದಿದ್ದ ಎರಡನೇ ವರ್ಷದ ಹುಡುಗನೊಬ್ಬ ನಿರಾಳವಾಗಿ 30ಕ್ಕೆ ತಲುಪಿ ಬಿಸ್ಕತ್ತು ತಿನ್ನುತ್ತಿದ್ದಾನೆ. ಕಾರಣ ಏನು ಗೊತ್ತಾ? ಲಿನಕ್ಸಿನ ಟ್ರೇಸ್‌ರೂಟ್ ಕಳಿಸೋದು ಯುಡಿಪಿ ಅನ್ನುವ ಬಗೆಯ ಪ್ಯಾಕೆಟ್, 33434ನೇ ಪೋರ್ಟಿನಿಂದ ಶುರು. ವಿಂಡೋಸ್‌ನದು 'ಇದ್ದೀಯಾ' ಅಂತ ಕೇಳುವ ಪಿಂಗ್ ಬಳಸುವ ಐಸಿಎಂಪಿ ಅನ್ನುವ ಇನ್ನೊಂದು ಬಗೆ. ಹಿಂದಿನ ರಾತ್ರಿ ಏನೋ ಪರೀಕ್ಷೆ ಮಾಡುವಾಗ 12ನೇ ರೂಟರಿನಲ್ಲಿ ಯುಡಿಪಿ ತಡೆಯುವ ಒಂದು ಫೈರ್‌ವಾಲ್ ಸಾಲು ಹಾಕಿ, ತೆಗೆಯೋದು ಮರೆತಿದ್ದೆ. ಗೊತ್ತಾದ ತಕ್ಷಣ ಎದ್ದು ಹೋಗಿ ತೆಗೀಬೇಕು ತಾನೇ? ತೆಗೀಲಿಲ್ಲ. 'ಧೂಮಕೇತುವಿನ ಧೂಳು, ಬೇರೆ ನೌಕೆಯಲ್ಲಿ ಪ್ರಯತ್ನಿಸಿ' ಅಂತ ಬೋರ್ಡಿನ ಮೇಲೆ ಬರೆದು ಬಂದೆ. ಕಾಲು ಗಂಟೆಯಲ್ಲಿ ಎಲ್ಲರೂ ಇಂಗ್ಲಿಷಿನ ದೊಡ್ಡ ಐ ಹಾಕಿ ಐಸಿಎಂಪಿಗೆ ಬದಲಾದರು. ಆಮೇಲೆ ಮೂರು ಜನ ಬಂದು, ಇಡೀ ಬೇಟೆಯಲ್ಲಿ ಅದೇ ಸೊಗಸಾದ ಒಗಟು ಅಂದರು. ಇವತ್ತು ನಿಮ್ಮೆದುರು ಮೊದಲ ಬಾರಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ.

38ನೇ ಹೆಜ್ಜೆಯ ಸುಳಿವು 'ಕಿವಿಗೊಟ್ಟು ಕೇಳಿ' ಅಂತ. ಜಾಲದಲ್ಲಿ ಹಾಯುವ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು ಕೂತರೆ, ಒಂದು ಯಂತ್ರ ಅರ್ಧ ನಿಮಿಷಕ್ಕೊಮ್ಮೆ 'ನಾನಿದ್ದೀನಿ' ಅಂತ ಕೂಗೋದು ಕಾಣುತ್ತಿತ್ತು. ಅದರದು ಐಪಿವಿ6 ವಿಳಾಸ, ಐಪಿ ವಿಳಾಸದ ಹೊಸ, ಉದ್ದನೆಯ ರೂಪ. ನಿಮಗೆ ಗೊತ್ತಿರೋ ಹಾಗೆ ಅದು 128 ಬಿಟ್, ನಾಲ್ಕು ನಾಲ್ಕು ಹೆಕ್ಸ್ ಅಂಕಿಗಳ (0ರಿಂದ 9, ಆಮೇಲೆ ಇಂಗ್ಲಿಷಿನ ಎ ಇಂದ ಎಫ್) ಎಂಟು ಗುಂಪು. ಮೊದಲ ನಾಲ್ಕು ಗುಂಪು ಬೀದಿ, ಕೊನೆಯ ನಾಲ್ಕು ಮನೆ. ಮನೆಯ ನಂಬರ್ ಹೀಗಿತ್ತು:

ಸಿಎಇ : ಸಿ82 : ಸಿ97 : ಸಿಬಿ3

ಹೆಕ್ಸ್ ಅಕ್ಷರಗಳಲ್ಲಿ ಪದ ಕಟ್ಟೋದು ನಮ್ಮವರ ಹಳೇ ಚಾಳಿ. ಫೇಸ್‌ಬುಕ್ಕಿನ ಐಪಿವಿ6 ವಿಳಾಸದಲ್ಲಿ ಎಫ್‌ಎಸಿಇ, ಬಿ00ಸಿ ಅಂತ ಅದರ ಹೆಸರೇ ಇದೆ. ಹಾಗಾಗಿ ಎಲ್ಲರೂ ಇಂಗ್ಲಿಷ್ ಪದ ಹುಡುಕಿದರು. ಇಂಗ್ಲಿಷ್ ಅಕ್ಷರಗಳ ಹಳೇ ಕೋಡಾದ ಆಸ್ಕಿಗೆ ಬದಲಾಯಿಸಿದರು, ಕಸ ಬಂತು. ತಿರುಗಿಸಿದರು, ಕೂಡಿದರು, ಭಾಗಿಸಿದರು. ಒಂದು ತಂಡದವರು ಅಕ್ಷಾಂಶ ರೇಖಾಂಶ ಅಂತ ಸಾಧಿಸಿ ಸಮುದ್ರದ ಮಧ್ಯದಲ್ಲೊಂದು ಜಾಗ ತೋರಿಸಿದರು.

ಬಿಡಿಸಿದ್ದು ಒಬ್ಬ ಹುಡುಗಿ. ಅವಳ ತಂದೆಯದು ಒಂದು ಪುಟ್ಟ ಪ್ರೆಸ್ಸು, ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಮುದ್ರಿಸುವಂಥದ್ದು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಪದ್ಧತಿಗೆ, ಬದಲಾಯಿಸೋ ಕೆಲಸ ರಜೆಯಲ್ಲೆಲ್ಲ ಇವಳ ತಲೆಗೆ ಕಟ್ಟಿದ್ದರಂತೆ. ಒತ್ತಕ್ಷರ ಹಾರಿಹೋಗೋದು, ಅರ್ಕಾವೊತ್ತು ಜಾಗ ತಪ್ಪೋದು, ಇವನ್ನೆಲ್ಲ ಸರಿಪಡಿಸೋಕೆ ಅಕ್ಷರಗಳ ಕೋಡುಗಳನ್ನು ಕಣ್ಣಿಟ್ಟು ನೋಡಿದವಳು.

"ಸರ್, ನಾಲ್ಕೂ ಸಿ ಇಂದಾನೇ ಶುರುವಾಗುತ್ತಲ್ವಾ?" ಅಂದಳು.

"ಹೌದಮ್ಮ."

"ಐಪಿವಿ6ನಲ್ಲಿ ಮುಂದಿನ ಸೊನ್ನೆ ಬರೆಯಲ್ಲ ಅಲ್ವಾ ಸರ್? ಸೊನ್ನೆ ಹಾಕಿದ್ರೆ... ಇದು ಕನ್ನಡ!"

ಯೂನಿಕೋಡಿನಲ್ಲಿ ಕನ್ನಡದ ಕೇರಿ 0ಸಿ80ರಿಂದ 0ಸಿಎಫ್‌ಎಫ್ ತನಕ. ಒಂದು ಅಕ್ಷರದ ಕೋಡು ಸರಿಯಾಗಿ ಒಂದು ಗುಂಪಿನಲ್ಲಿ ಕೂರುತ್ತೆ. 0ಸಿಎಇ ಅಂದರೆ ಮ. 0ಸಿ82 ಅನುಸ್ವಾರ, ಆ ಸೊನ್ನೆ. 0ಸಿ97 ಗ. 0ಸಿಬಿ3 ಳ. ಅವಳು ಹಾಳೆಯ ಮೇಲೆ ಒಂದೊಂದೇ ಬರೆಯುತ್ತಾ ಹೋದಳು, ಪಕ್ಕದ ತಂಡಕ್ಕೆ ಕಾಣದ ಹಾಗೆ ಎಡಗೈ ಅಡ್ಡ ಹಿಡಿದು. ಮಂಗಳ.

ಈ ಪದ ಹುಡುಕೋಕೆ ನಾವು ಒಂದು ವಾರ ತೆಗೆದುಕೊಂಡಿದ್ದೆವು. 'ಕನ್ನಡ' ಅಂತಲೇ ಇಡೋಣ ಅಂದರೆ ಅದಕ್ಕೆ ಐದು ಕೋಡು ಬೇಕು: ಕ, ನ, ಹಲಂತದ ಗುರುತು, ಮತ್ತೆ ನ, ಡ. ನಾಲ್ಕು ಗುಂಪಿನ ಮನೆಯಲ್ಲಿ ಐದನೆಯವನಿಗೆ ಜಾಗವಿಲ್ಲ. 'ಗಗನ' ಇಟ್ಟರೆ ಒಂದು ಕೋಣೆ ಖಾಲಿ. ಗ್ರಹದ ಹೆಸರೇ ಅಳತೆಗೆ ಸರಿಯಾಗಿ ಕೂತಾಗ ಮೂವರೂ ಎದ್ದು ಕುಣಿದೆವು. ಹೆಸರು ಸಿಕ್ಕಿತು, ಆದರೆ ಮಂಗಳ ಹಾಡೋಕೆ ಇನ್ನೂ ಹೊತ್ತಿತ್ತು. ಅದನ್ನು ಯಂತ್ರಕ್ಕೆ ತಲುಪಿಸಬೇಕಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಬರ್ತೀನಿ. ನೆಟ್‌ವರ್ಕಿಗೂ ಬಾಹ್ಯಾಕಾಶದ ಹುಚ್ಚಿಗೂ ನಂಟು ನಾವು ಕಟ್ಟಿದ್ದಲ್ಲ. 1963ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಅರ್ಪಾದಲ್ಲಿದ್ದ ಜೆ.ಸಿ.ಆರ್. ಲಿಕ್‌ಲೈಡರ್ ತಮ್ಮ ಸಹೋದ್ಯೋಗಿಗಳಿಗೆ ಬರೆದ ಟಿಪ್ಪಣಿಯ ಮೇಲೆ 'ಅಂತರ್‌ಗ್ಯಾಲಕ್ಸಿ ಕಂಪ್ಯೂಟರ್ ಜಾಲದ ಸದಸ್ಯರಿಗೆ' ಅಂತ ವಿಳಾಸ ಹಾಕಿದ್ದರು. ಆಗ ಪಕ್ಕದ ಊರಿನ ಕಂಪ್ಯೂಟರಿಗೂ ಜಾಲ ಇರಲಿಲ್ಲ. ಇಂಟರ್‌ನೆಟ್ಟಿನ ಮೂಲಜಾಲವಾದ ಅರ್ಪಾನೆಟ್‌ನ ಮೊದಲ ಸಂದೇಶ ಹೋಗಿದ್ದು ಆರು ವರ್ಷ ಕಳೆದು, 1969ರ ಅಕ್ಟೋಬರ್ 29ಕ್ಕೆ. ಅದೂ 'ಲಾಗಿನ್' ಅಂತ ಟೈಪ್ ಮಾಡಹೋಗಿ ಎರಡು ಅಕ್ಷರಕ್ಕೆ ಆ ಕಡೆಯ ಯಂತ್ರ ಮಲಗಿತು. ಮುಂದೆ ಇಂಟರ್‌ನೆಟ್ಟಿನ ಮೂಲ ಕಟ್ಟಳೆಯಾದ ಟಿಸಿಪಿ/ಐಪಿ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ ಗ್ರಹಗಳ ನಡುವಿನ ಇಂಟರ್‌ನೆಟ್ಟಿನ ಕೆಲಸಕ್ಕೂ ಕೈಹಾಕಿದರು. ಯಾಕೆ ಬೇರೆ ಪ್ರೋಟೊಕಾಲ್ ಬೇಕಾಯಿತು ಅಂದರೆ, ಮಂಗಳ ಅತಿ ಹತ್ತಿರ ಬಂದಾಗಲೂ ಬೆಳಕು ಅಲ್ಲಿಗೆ ತಲುಪೋಕೆ ಸುಮಾರು 3 ನಿಮಿಷ, ದೂರವಿದ್ದಾಗ 22. ನಾವು ಬಳಸಿದ ಲಿನಕ್ಸ್ ಒಂದು ಟಿಸಿಪಿ ಸಂಪರ್ಕಕ್ಕೆ ಉತ್ತರ ಬರದಿದ್ದರೆ ಎರಡು ನಿಮಿಷದ ಸುಮಾರಿಗೆ ಕೈಚೆಲ್ಲುತ್ತೆ. ಅಂದರೆ ಮೊದಲ 'ನಮಸ್ಕಾರ' ಮಂಗಳಕ್ಕೆ ಮುಟ್ಟುವ ಮುಂಚೆಯೇ ಇಲ್ಲಿ ಬಾಗಿಲು ಹಾಕಿಯಾಗಿರುತ್ತೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಕಕ್ಷೆ ಸೇರುವಾಗ ಸಂಕೇತ ಬರೋಕೆ 12 ನಿಮಿಷದ ಮೇಲೆ ಬೇಕಿತ್ತು. ಎಂಜಿನ್ ಉರಿಸುವ ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿಟ್ಟಿದ್ದರು. ಬೆಂಗಳೂರಿನ ಹತ್ತಿರದ ನಮ್ಮ ಬ್ಯಾಲಾಳಿನ 32 ಮೀಟರ್ ಆ್ಯಂಟೆನಾ ಎಷ್ಟೇ ದೊಡ್ಡದಿರಲಿ, ಬೆಳಕಿಗೆ ಅವಸರ ಹಚ್ಚೋಕೆ ಆಗಲ್ಲ.

ಆ 12 ನಿಮಿಷವನ್ನು ನಾವು 12 ಸೆಕೆಂಡಿಗೆ ಇಳಿಸಿದೆವು. ಹೋಗೋಕೆ 12, ಬರೋಕೆ 12. ಪೂರ್ವಾಭ್ಯಾಸದ ದಿನ ಒಂದು ಪಿಂಗೂ ದಾಟಲಿಲ್ಲ. ಒಂದು ಸಂಜೆ ಪೂರ್ತಿ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ಪಕ್ಕದ ಯಂತ್ರದ ವಿಳಾಸ ಕೇಳುವ ಆರ್ಪ್ ಕೂಡ ಅದೇ ತಡದ ಬಾಗಿಲಲ್ಲೇ ಹಾಯಬೇಕು. ಅದು ಸೆಕೆಂಡಿಗೊಮ್ಮೆ ಮೂರು ಸಲ ಕೂಗಿ, ಯಾರೂ ಓಗೊಡಲಿಲ್ಲ ಅಂತ ಸುಮ್ಮನಾಗುತ್ತಿತ್ತು. ನೆರೆಹೊರೆಯ ವಿಳಾಸಗಳನ್ನು ಕೈಯಾರೆ ಬರೆದಿಟ್ಟ ಮೇಲೆ ಸರಿಹೋಯಿತು.

ಒಗಟು ಹೀಗೆ. ಹೆಸರು ಸ್ವೀಕರಿಸುವ ಮೊದಲು ಯಂತ್ರಕ್ಕೆ 40 ಪ್ರಶ್ನೆ ಕೇಳಿ ಅದರ ಸ್ಥಿತಿ ತಿಳಿಯಬೇಕು. ಪ್ರಶ್ನೆಗಳ ಪಟ್ಟಿ ಮೊದಲೇ ಕೈಯಲ್ಲಿದೆ. ರಿಲೇ ಕೇಂದ್ರ ನೆತ್ತಿಯ ಮೇಲಿರೋದು 8 ನಿಮಿಷ ಮಾತ್ರ. ಮಂಗಳದಲ್ಲಿರೋ ರೋವರುಗಳ ಮೇಲೆ ಆರ್ಬಿಟರ್ ಹಾದುಹೋಗುವ ಹೊತ್ತೂ ಸರಿಸುಮಾರು ಅಷ್ಟೇ. ಹುಡುಗರು ಒಂದು ಪ್ರಶ್ನೆ ಕೇಳಿ, 24 ಸೆಕೆಂಡು ಉಗುರು ಕಚ್ಚಿ, ಉತ್ತರ ಬಂದ ಮೇಲೆ ಇನ್ನೊಂದು ಕೇಳುತ್ತಿದ್ದರು. ಹಾಗೆ ಹೋದರೆ 16 ನಿಮಿಷ ಬೇಕು. ಇಪ್ಪತ್ತನೇ ಪ್ರಶ್ನೆಯ ಹೊತ್ತಿಗೆ ಕೇಂದ್ರ ಮುಳುಗಿಹೋಗುತ್ತಿತ್ತು, ಮತ್ತೆ ಅರ್ಧ ಗಂಟೆ ಕಾಯಬೇಕು.

ಒಂದು ತಂಡದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು, ಮೊಮ್ಮಗನ ಜೊತೆ ಬಂದವರು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. ಮೊಮ್ಮಗ ಮೂರನೇ ಸಲ ಕೀಬೋರ್ಡ್ ಕುಟ್ಟಿದಾಗ ಬಾಯಿಬಿಟ್ಟರು.

"ಲೋ, ಟ್ರಂಕ್ ಕಾಲ್‌ನಲ್ಲಿ ಯಾವನಾದ್ರೂ 'ಹೇಗಿದೀಯಾ' ಅಂತ ಕೇಳಿ ಕಾಯ್ತಾನೇನೋ? ಮೂರು ನಿಮಿಷಕ್ಕೆ ದುಡ್ಡು. ಚೀಟೀಲಿ ಎಲ್ಲ ಬರ್ಕೊಂಡು ಒಂದೇ ಉಸಿರಿಗೆ ಹೇಳ್ಬಿಡಬೇಕು."

"ತಾತ, ಇದು ಟ್ರಂಕ್ ಕಾಲ್ ಅಲ್ಲ."

"ಮತ್ತೇನೋ ಇದು?"

ಮೊಮ್ಮಗನ ಹತ್ತಿರ ಉತ್ತರವಿರಲಿಲ್ಲ. ನಲವತ್ತೂ ಪ್ರಶ್ನೆಗಳನ್ನು ಒಂದೇ ಫೈಲಿಗೆ ತುಂಬಿ ಕಳಿಸಿದರು. 24 ಸೆಕೆಂಡಿಗೆ 40 ಉತ್ತರ ಬಂತು. ಗ್ರಹಾಂತರ ಜಾಲಕ್ಕೆಂದು 2007ರಲ್ಲಿ ಬರೆದಿಟ್ಟ ಬಂಡಲ್ ಪ್ರೋಟೊಕಾಲಿನ ಜೀವಾಳ ಇದೇ: ಮಾತಿಗೆ ಮಾತು ಬೇಡ, ಬೇಕಾದ್ದನ್ನೆಲ್ಲ ಒಂದೇ ಗಂಟು ಕಟ್ಟಿ ಕೊಡಿ. ದಾರಿಯಲ್ಲಿರುವವನು ಮುಂದಿನ ಬಾಗಿಲು ತೆರೆಯೋವರೆಗೆ ಗಂಟನ್ನು ತನ್ನ ಹತ್ತಿರ ಜೋಪಾನವಾಗಿ ಇಟ್ಟುಕೊಳ್ಳಲಿ. ತಾತ ಆ ದಸ್ತಾವೇಜು ಓದಿರಲಿಲ್ಲ, ಎಕ್ಸ್‌ಚೇಂಜಿನಲ್ಲಿ ಕೂತಿದ್ದರು.

ಇಷ್ಟು ತಡದಲ್ಲಿ ಒಗಟು ಬಿಡಿಸೋದು ಆಟದಲ್ಲಿ ಮಾತ್ರ ಅಂದುಕೊಳ್ಳಬೇಡಿ. 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್ 1, 2023ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಒಂದೇ ಮಾದರಿಯ ಸೊನ್ನೆ-ಒಂದುಗಳನ್ನು ಕಳಿಸತೊಡಗಿತು. ಸಂಕೇತ ಹೋಗೋಕೆ ಇಪ್ಪತ್ತೆರಡೂವರೆ ಗಂಟೆ, ಬರೋಕೆ ಅಷ್ಟೇ. 2024ರ ಮಾರ್ಚ್ 1ರಂದು ಎಂಜಿನಿಯರುಗಳು ಅದನ್ನು ಒಮ್ಮೆ ಬೆರಳಲ್ಲಿ ತಿವಿದ ಹಾಗೆ ಒಂದು ಆದೇಶ ಕಳಿಸಿದರು. ಮಾರ್ಚ್ 3ಕ್ಕೆ ಬಂದ ಉತ್ತರವೂ ಮೇಲ್ನೋಟಕ್ಕೆ ಕಸವೇ. ಆದರೆ ಆ ಕಸವನ್ನು ಕೂತು ಬಿಡಿಸಿದಾಗ ಅದರಲ್ಲಿ ನೌಕೆಯ ಒಂದು ಕಂಪ್ಯೂಟರಿನ ಇಡೀ ಮೆಮೊರಿಯ ನಕಲು ಇತ್ತು. ಸುಮಾರು ಶೇ. 3ರಷ್ಟು ಮೆಮೊರಿ ಹಾಳಾಗಿದೆ ಅಂತ ಪತ್ತೆ ಹಚ್ಚಿ, ಅಲ್ಲಿದ್ದ ಕೋಡನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಿದರು. ಏಪ್ರಿಲ್ 20ಕ್ಕೆ ಅದು ಮತ್ತೆ ಅರ್ಥವಾಗುವ ಮಾತಾಡಿತು. ಸಿಎಇ ಸಿ82 ನೋಡಿ ಕಸ ಅಂದ ನಮ್ಮವರಿಗೆ ಅವತ್ತು ಊಟದ ಹೊತ್ತಿಗೆ ಈ ಕಥೆ ಹೇಳಿದೆ. ಯಾರೂ ಚಮಚ ಎತ್ತಲಿಲ್ಲ.

ಗೆದ್ದದ್ದು ಪ್ರೆಸ್ಸಿನ ಹುಡುಗಿಯ ತಂಡ. ತಾತನ ತಂಡ ಎರಡನೆಯದು. ಕನ್ನಡ ಕೋಡಿಗೆ ಹೊತ್ತು ಹಿಡಿಯಿತು ಅವರಿಗೆ. ಬಹುಮಾನ ಎಂಐಟಿಯದೇ: ಮುಂದಿನ ಬೇಟೆ ಬರೆಯೋದು. ಹುಡುಗಿ ಈಗಾಗಲೇ ಒತ್ತಕ್ಷರಗಳ ಮೇಲೆ ಏನೋ ಹೊಂಚು ಹಾಕುತ್ತಿದ್ದಾಳೆ, ನನಗೆ ಹೇಳಲ್ಲ.

ಇನ್ನೊಂದು ಸಂಗತಿ. ಆ ರಾತ್ರಿ ಎಲ್ಲ ಕಿತ್ತುಕೊಂಡು ಡೆಸ್ಕ್‌ಟಾಪನ್ನು ಮನೆಗೆ ತಂದೆ. ಮಾರನೆಯ ದಿನ ಫೈಲುಗಳ ನಕಲು ತೆಗೆಯೋಣ ಅಂತ ಆನ್ ಮಾಡಿದರೆ, ರಿಲೇ ಕೇಂದ್ರದ ಪ್ರೋಗ್ರಾಂ ತಾನಾಗಿ ಎದ್ದು, ಬಾಗಿಲು ತೆರೆಯಿತು ಅಂತ ತಿಳಿದು, ತನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಗಂಟನ್ನು ಯಂತ್ರಕ್ಕೆ ತಲುಪಿಸಿತು. ಹಿಂದಿನ ದಿನ ಸಂಜೆ 5 ಗಂಟೆ 40 ನಿಮಿಷಕ್ಕೆ, ಕೇಂದ್ರ ಮುಳುಗಿದ ಮೇಲೆ, ನಾಲ್ಕನೇ ತಂಡದಿಂದ ಹೊರಟದ್ದು. ತೆಗೆದು ನೋಡಿದೆ. 'ಕಾಫಿ ಫ್ಲಾಸ್ಕ್ ಖಾಲಿಯಾಗಿದೆ, ಯಾರಾದರೂ ತುಂಬಿಸಿ' ಅಂತಿತ್ತು.